ಮರಿ ಆಮೇಲೆ, ಮೊದಲು ಅದರ ಅಮ್ಮನನ್ನು ತೋರಿಸಿ ಅನ್ನಿ

ನಿನ್ನೆ ರಾತ್ರಿ ಹನ್ನೊಂದೂವರೆಗೆ ಗೆಳೆಯನೊಬ್ಬ ವಾಟ್ಸಾಪಿನಲ್ಲಿ ಫೋಟೋ ಕಳಿಸಿದ. ಬುಟ್ಟಿಯಲ್ಲಿ ಕೂತ ಲ್ಯಾಬ್ರಡಾರ್ ಮರಿ, ಕತ್ತಿಗೆ ಕೆಂಪು ರಿಬ್ಬನ್. ಕೆಳಗೆ ಒಂದೇ ಸಾಲು: "ಹೇಗಿದೆ? ನಾಳೆ ತರ್ತಿದೀವಿ. ಮಗಳಿಗೆ ಇನ್ನೂ ಹೇಳಿಲ್ಲ."

ಹೇಗಿದೆ ಅಂದರೆ ಏನು ಹೇಳಲಿ? ಮುದ್ದಾಗಿದೆ. ಮುದ್ದಾಗಿಲ್ಲದ ನಾಯಿಮರಿಯನ್ನು ನಾನಂತೂ ಇವತ್ತಿನವರೆಗೆ ನೋಡಿಲ್ಲ. "ಇದರ ತಾಯಿಯನ್ನು ನೋಡಿದ್ಯಾ?" ಅಂತ ಕೇಳಿದೆ. "ತಾಯಿ ಯಾಕೋ? ನಾವು ತರೋದು ಮರಿ ತಾನೇ?" ಅಂದ. ಅವನಿಗೆ ಉತ್ತರ ಬರೆಯುತ್ತಾ ಹೋದೆ, ಅದು ಇಷ್ಟುದ್ದ ಆಯಿತು. ಹೇಗೂ ಬರೆದಾಯ್ತಲ್ಲ, ಇಲ್ಲೂ ಹಾಕುತ್ತಿದ್ದೇನೆ.

ಮೊದಲು ನನ್ನ ಪೆದ್ದುತನ ಹೇಳಿಬಿಡುತ್ತೇನೆ. ಹನ್ನೊಂದು ವರ್ಷದ ಹಿಂದೆ ನಾನೂ ಹೀಗೇ ಫೋಟೋ ನೋಡಿ ಮರಿ ತಂದವನು. ಮಾರುವವನು "ನಿಮಗ್ಯಾಕೆ ತೊಂದರೆ, ನಾನೇ ತಂದುಕೊಡ್ತೀನಿ" ಅಂದ. ಎಂಥಾ ಒಳ್ಳೆ ಮನುಷ್ಯ ಅಂದುಕೊಂಡೆ! ರಸ್ತೆ ಬದಿ ಕಾರು ನಿಲ್ಲಿಸಿ, ಡಿಕ್ಕಿಯಲ್ಲಿದ್ದ ರಟ್ಟಿನ ಪೆಟ್ಟಿಗೆಯಿಂದ ಮರಿ ಎತ್ತಿ ನನ್ನ ಕೈಗಿಟ್ಟ. "ಎರಡು ತಿಂಗಳು ತುಂಬಿದೆ, ಇಂಜೆಕ್ಷನ್ ಎಲ್ಲಾ ಆಗಿದೆ" ಅಂತ ಹೇಳಿ ಒಂದು ಹಳದಿ ಕಾರ್ಡನ್ನೂ ಕೊಟ್ಟ. ಐದು ನಿಮಿಷದಲ್ಲಿ ವ್ಯವಹಾರ ಮುಗಿಯಿತು. ಒಂದು ಜೊತೆ ಚಪ್ಪಲಿ ಕೊಳ್ಳುವುದಕ್ಕೆ ನಾನು ಅದಕ್ಕಿಂತ ಜಾಸ್ತಿ ಹೊತ್ತು ತಗೊಳ್ಳುತ್ತೇನೆ.

ಮೂರನೇ ದಿನ ಮರಿ ಊಟ ಬಿಟ್ಟಿತು. ಸಂಜೆಗೆ ವಾಂತಿ, ರಾತ್ರಿಗೆ ರಕ್ತಭೇದಿ. ಡಾಕ್ಟರ್ ಬಾಯಿ ಬಿಡಿಸಿ ನೋಡಿದರು. ದವಡೆಯ ಹಾಲುಹಲ್ಲುಗಳು ಇನ್ನೂ ಪೂರ್ತಿ ಹುಟ್ಟಿರಲಿಲ್ಲ. "ಇದಕ್ಕೆ 5 ವಾರ ಆಗಿದ್ದರೆ ಹೆಚ್ಚು" ಅಂದರು. ಆಮೇಲೆ ಹಳದಿ ಕಾರ್ಡ್ ತಿರುಗಿಸಿ ನೋಡಿದರು. ನಿಜವಾಗಿ ಲಸಿಕೆ ಹಾಕಿದ್ದರೆ ಬಾಟಲಿಯ ಮೇಲಿನ ಸಣ್ಣ ಲೇಬಲನ್ನು ಕಿತ್ತು ಕಾರ್ಡಿಗೆ ಅಂಟಿಸುತ್ತಾರೆ. ಅದರಲ್ಲಿ ಲಸಿಕೆಯ ಹೆಸರು, ಬ್ಯಾಚ್ ನಂಬರ್ ಇರುತ್ತದೆ, ಪಕ್ಕದಲ್ಲಿ ಡಾಕ್ಟರ ಸಹಿ ಇರುತ್ತದೆ. ನನ್ನ ಕಾರ್ಡಿನಲ್ಲಿ ಬಾಲ್‌ಪೆನ್ನಿನಲ್ಲಿ ಬರೆದ ಎರಡು ತಾರೀಖು, ಅಷ್ಟೇ.

ಪಾರ್ವೋ. 1970ರ ದಶಕದ ಕೊನೆಯಲ್ಲಿ ಮೊದಲ ಸಲ ಕಾಣಿಸಿಕೊಂಡು ಒಂದೆರಡು ವರ್ಷದಲ್ಲೇ ಪ್ರಪಂಚವೆಲ್ಲ ಹರಡಿದ ವೈರಸ್ ಅದು. ಸೋಂಕು ತಗುಲಿ ಮೂರರಿಂದ ಏಳು ದಿನಕ್ಕೆ ಸಾಮಾನ್ಯವಾಗಿ ಕಾಯಿಲೆ ಬೀಳುತ್ತದೆ. ಅಂದರೆ ಮರಿ ನನ್ನ ಕೈಗೆ ಬರುವ ಹೊತ್ತಿಗೇ ರೋಗ ಒಳಗೆ ಸೇರಿತ್ತು ಅನ್ನಬಹುದು. ಮುಂಗಾಲಿಗೆ ಡ್ರಿಪ್ ಹಾಕಿಕೊಂಡು ಮಲಗಿತ್ತು. ಆ ಕಾಲು ನನ್ನ ಹೆಬ್ಬೆರಳಿಗಿಂತ ದಪ್ಪ ಇರಲಿಲ್ಲ. ಐದನೇ ದಿನ ಬೆಳಗ್ಗೆ ಹೋಯಿತು. ಹೆಸರು ಕೂಡ ಗಟ್ಟಿಯಾಗಿರಲಿಲ್ಲ, ದಿನಕ್ಕೊಂದು ಹೆಸರಲ್ಲಿ ಕರೆಯುತ್ತಿದ್ದೆವು. ಡಾಕ್ಟರ ಚೀಟಿಯಲ್ಲಿ ಹೆಸರಿನ ಜಾಗದಲ್ಲಿ "ಮರಿ" ಅಂತಲೇ ಇತ್ತು.

ಆ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ, ಕೆಲವು ಕಡೆ ವರ್ಷಕ್ಕೂ ಮೇಲೆ ಬದುಕಿರುತ್ತದೆ. ಸೋಪಿಗೆ ಜಗ್ಗುವುದಿಲ್ಲ, ಬ್ಲೀಚ್ ಬೇಕು. ಲಸಿಕೆ ಆಗದ ಇನ್ನೊಂದು ಮರಿಯನ್ನು ಸದ್ಯಕ್ಕೆ ಮನೆಗೆ ತರಬೇಡಿ ಅಂತ ಡಾಕ್ಟರ್ ಹೇಳಿದ್ದರು. ತರುವ ಮನಸ್ಸಾದರೂ ಎಲ್ಲಿತ್ತು?

ಒಂದೂವರೆ ವರ್ಷದ ಮೇಲೆ ಮಲ್ಲಿ ಬಂದಳು. ಈ ಸಲ ಮರಿ ಹಾಕಿಸಿದವರ ಮನೆಗೆ ಮೂರು ಸಲ ಹೋಗಿದ್ದೆ. ಮೂರು ಸಲವೂ ನಾನು ನೋಡಿದ್ದು ತಾಯಿಯನ್ನು.

ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅಂತ ಗಾದೆ ಇದೆಯಲ್ಲ, ನಾಯಿಯ ವಿಷಯದಲ್ಲಿ ಅದು ಬಹಳ ಮಟ್ಟಿಗೆ ನಿಜ. ಆರು ವಾರದ ಮರಿ ನೋಡಿ ಅದು ದೊಡ್ಡದಾದ ಮೇಲೆ ಹೇಗಿರುತ್ತೆ ಅಂತ ಹೇಳುವುದು ಕಷ್ಟ. ತಾಯಿ ಕಣ್ಣೆದುರೇ ಇರುತ್ತಾಳೆ. ಹೊಸಬರು ಬಂದರೆ ಮೂಲೆಗೆ ಹೋಗಿ ನಡುಗುತ್ತಾಳಾ? ಹಲ್ಲು ಕಿರಿಯುತ್ತಾಳಾ? ಅಥವಾ ಒಂದು ಸಲ ಬೊಗಳಿ, ಮೂಸಿ, ಬಾಲ ಆಡಿಸುತ್ತಾಳಾ? ಹೆದರುವ ಸ್ವಭಾವ ರಕ್ತದಲ್ಲೂ ಬರುತ್ತೆ, ತಾಯಿಯನ್ನು ನೋಡಿ ಕಲಿತೂ ಬರುತ್ತೆ. ಹಾಲೂಡಿಸಿ ಅವಳು ಸ್ವಲ್ಪ ಸೊರಗಿರುವುದು ಸಹಜ. ಮೂಳೆ ಎಣಿಸುವಷ್ಟು ಬಡಕಲಾಗಿದ್ದರೆ, ಉಗುರು ಬೆಳೆದು ಸುರುಳಿಯಾಗಿದ್ದರೆ ಅಲ್ಲಿಂದ ಎದ್ದು ಬನ್ನಿ.

ಯಾವುದೋ ಹೆಣ್ಣುನಾಯಿಯನ್ನು ತಂದು "ಇದೇ ತಾಯಿ" ಅಂತ ನಿಲ್ಲಿಸುವವರೂ ಇದ್ದಾರೆ. ಮರಿಗಳನ್ನು ಬಿಟ್ಟು ನೋಡಿ. ನಿಜವಾದ ತಾಯಿಯಾದರೆ ನೇರ ಹೊಟ್ಟೆಯಡಿ ನುಗ್ಗುತ್ತವೆ. ಅವಳ ಮೊಲೆಗಳು ಜೋತುಬಿದ್ದಿರುತ್ತವೆ. ಮರಿಗಳು ಅವಳ ಕಡೆ ತಿರುಗಿಯೂ ನೋಡದಿದ್ದರೆ ಅರ್ಥ ಮಾಡಿಕೊಳ್ಳಿ.

"ತಾಯಿ ಬೇರೆ ಕಡೆ ಇದೆ", "ತಾಯಿಗೆ ಹುಷಾರಿಲ್ಲ", "ಈಗಷ್ಟೇ ವಾಕಿಂಗ್ ಕರ್ಕೊಂಡು ಹೋದ್ರು". ಈ ಮಾತುಗಳು ಬಂದರೆ ಆ ಮರಿ ಎಲ್ಲಿಂದಲೋ ಕೈಬದಲಾಗಿ ಬಂದಿದೆ ಅಂತಲೇ ನಾನು ಲೆಕ್ಕ ಹಾಕುತ್ತೇನೆ. ಇಂಗ್ಲೆಂಡಿನಲ್ಲಿ ಇದಕ್ಕೆ ಕಾನೂನೇ ಬಂತು. ಮರಿ ಹಾಕಿಸುವ ಜಾಗವೊಂದರಿಂದ 2013ರಲ್ಲಿ ಬಿಡಿಸಿ ತಂದ ಲೂಸಿ ಅನ್ನುವ ಸ್ಪ್ಯಾನಿಯಲ್ ನಾಯಿ ಇತ್ತು. ಪಂಜರದಲ್ಲೇ ಇಟ್ಟು ಸೂಲಿನ ಮೇಲೆ ಸೂಲು ಹಾಕಿಸಿ ಅದರ ಬೆನ್ನೇ ಬಾಗಿಹೋಗಿತ್ತು. 2020ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಕಾನೂನಿಗೆ ಜನ ಅದರದ್ದೇ ಹೆಸರಿಟ್ಟರು. ಆರು ತಿಂಗಳೊಳಗಿನ ಮರಿಯನ್ನು ನಡುವಿನ ವ್ಯಾಪಾರಿಗಳು ಮಾರುವ ಹಾಗಿಲ್ಲ, ಮರಿ ಹಾಕಿಸಿದವರಿಂದಲೇ ಕೊಳ್ಳಬೇಕು, ತಾಯಿಯ ಜೊತೆಗೇ ತೋರಿಸಬೇಕು. ಕಾನೂನು ಇರಲಿ ಬಿಡಲಿ, ನೀವು ಕೇಳುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ ಅಲ್ವಾ?

"ಅಯ್ಯೋ ಪಾಪ, ಅಲ್ಲಿ ಬಿಟ್ಟು ಬರೋಕೆ ಮನಸ್ಸಾಗಲಿಲ್ಲ" ಅಂತ ತರುವವರಿದ್ದಾರೆ. ಒಳ್ಳೆಯ ಮನಸ್ಸು, ಒಪ್ಪುತ್ತೇನೆ. ಆದರೆ ನೀವು ಕೊಟ್ಟ ದುಡ್ಡಿನಿಂದ ಆ ತಾಯಿ ಮತ್ತೆ ಬಸಿರಾಗುತ್ತಾಳೆ. ಹಾಗೆ ಪಾಪ ಅನ್ನಿಸುವವರಿಗೆ ಆಶ್ರಯ ಕೇಂದ್ರಗಳಲ್ಲಿ ಕಾಯುತ್ತಾ ಕೂತ ನಾಯಿಗಳು ಬೇಕಾದಷ್ಟಿವೆ. ಬೆಳೆದ ನಾಯಿಯಾದರೆ ಇನ್ನೂ ಒಂದು ಅನುಕೂಲ. ಅದರ ಗಾತ್ರ, ಸ್ವಭಾವ ಎಲ್ಲಾ ಎದುರಿಗೇ ಇರುತ್ತೆ. ಮನೆಯಲ್ಲಿ ದಿನವಿಡೀ ಯಾರೂ ಇರುವುದಿಲ್ಲ ಅಂದರೆ ಮರಿಯ ಆಸೆ ಬಿಟ್ಟು ಇದನ್ನೇ ಯೋಚಿಸಿ.

ಇನ್ನು ವಯಸ್ಸು. 8 ವಾರ ತುಂಬದೆ ತಾಯಿಯಿಂದ ಬಿಡಿಸಬಾರದು. "ಚಿಕ್ಕದಿದ್ದಾಗಲೇ ತಂದರೆ ಚೆನ್ನಾಗಿ ಹೊಂದಿಕೊಳ್ಳುತ್ತೆ" ಅನ್ನುವುದು ಮಾರುವವರ ಮಾತು. ಮರಿ ತನ್ನ ಜೊತೆ ಹುಟ್ಟಿದವುಗಳ ಕಿವಿ ಕಚ್ಚುತ್ತೆ. ಜೋರಾಗಿ ಕಚ್ಚಿದರೆ ಆ ಕಡೆಯದು ಕುಯ್ ಅಂದು ಆಟ ಬಿಟ್ಟು ಹೋಗುತ್ತೆ. ಎಷ್ಟು ಕಚ್ಚಿದರೆ ನೋವಾಗುತ್ತೆ ಅನ್ನುವ ಲೆಕ್ಕ ಕಲಿಯುವುದು ಅಲ್ಲಿ. ಆ ಪಾಠ ಆಗದೆ ಬಂದ ಮರಿಗೆ ನಿಮ್ಮ ಕೈಯೇ ಸ್ಲೇಟು.

ತೀರಾ ತಡ ಮಾಡಿದರೂ ಕಷ್ಟ. 1961ರಲ್ಲಿ ಅಮೆರಿಕದಲ್ಲಿ ಮೂವರು ವಿಜ್ಞಾನಿಗಳು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಎತ್ತರದ ಬೇಲಿಯೊಳಗೆ, ಮನುಷ್ಯರ ಸಹವಾಸವೇ ಇಲ್ಲದೆ ಮರಿಗಳನ್ನು ಬೆಳೆಸಿದ್ದರು. ಕೆಲವನ್ನು ಬೇರೆ ಬೇರೆ ವಯಸ್ಸಿನಲ್ಲಿ ಒಂದು ವಾರ ಮಾತ್ರ ಮನುಷ್ಯರ ಜೊತೆ ಬಿಟ್ಟರು. 14 ವಾರದವರೆಗೆ ಮನುಷ್ಯರನ್ನೇ ಕಾಣದ ಮರಿಗಳು ಆಮೇಲೆ ಕಾಡುಪ್ರಾಣಿಯಂತೆ ಹೆದರಿ ಓಡಿದವು. ಮೂರನೇ ವಾರದಿಂದ ಸುಮಾರು ಹದಿಮೂರು ಹದಿನಾಲ್ಕನೇ ವಾರದವರೆಗೆ ಮರಿಯ ಮನಸ್ಸಿನ ಬಾಗಿಲು ತೆರೆದಿರುತ್ತೆ. ಆ ಹೊತ್ತಿನಲ್ಲಿ ಕಂಡದ್ದು, ಕೇಳಿದ್ದು ಎಲ್ಲಾ ತನ್ನದು ಅಂದುಕೊಳ್ಳುತ್ತೆ. ನಾಯಿ ಬಾಲದ ಗಾದೆ ಕಟ್ಟಿದವರು ಈ ವಯಸ್ಸಿನ ಮರಿ ಸಾಕಿರಲಿಲ್ಲ ಅನ್ನಿಸುತ್ತೆ!

ತಳಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಕೆಲವರಿಗೆ ಕೋಪ ತರಿಸಬಹುದು. ಮೂತಿ ಚಪ್ಪಟೆಯಾದ ಪಗ್, ಫ್ರೆಂಚ್ ಬುಲ್‌ಡಾಗ್ ಮರಿಗಳು ಗೊರ್ ಗೊರ್ ಅಂತ ಉಸಿರಾಡುವುದು ನಮಗೆ ತಮಾಷೆ. ಎಷ್ಟೋ ನಾಯಿಗಳಿಗೆ ಅದು ಉಸಿರುಗಟ್ಟುವ ಪಾಡು. ಬಿಸಿಲಲ್ಲಿ ಸ್ವಲ್ಪ ಓಡಿದರೂ ಕಷ್ಟ. "ಟೀಕಪ್" ಅನ್ನುವ ತಳಿಯೇ ಇಲ್ಲ. ಗಿಡ್ಡ ಗಿಡ್ಡವಾದವುಗಳನ್ನೇ ಕೂಡಿಸಿ ಹುಟ್ಟಿಸಿದ, ಒಂದು ಹೊತ್ತು ಊಟ ತಪ್ಪಿದರೆ ಸಕ್ಕರೆ ಇಳಿದು ಬಿದ್ದುಹೋಗುವಂಥ ಮರಿಗೆ ವ್ಯಾಪಾರಿಗಳು ಇಟ್ಟ ಹೆಸರು. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್ ತರುವುದಾದರೆ ತಂದೆತಾಯಿಯ ಸೊಂಟದ ಎಕ್ಸ್‌ರೇ ಕೇಳಿ. ಸೊಂಟದ ಕೀಲು ಸರಿಯಾಗಿ ಕೂರದ ತೊಂದರೆ ಇವುಗಳಲ್ಲಿ ಜಾಸ್ತಿ, ಅದು ವಂಶದಲ್ಲಿ ಬರುತ್ತೆ. ಶುದ್ಧ ತಳಿ ಅನ್ನುವ ಸರ್ಟಿಫಿಕೇಟ್ ಇದೆ ಅಂತ ಹಿಗ್ಗಬೇಡಿ. ಅದು ಅಪ್ಪ ಅಮ್ಮ ಯಾರು ಅಂತ ಹೇಳುತ್ತೆ, ಆರೋಗ್ಯದ ಬಗ್ಗೆ ಏನೂ ಹೇಳಲ್ಲ.

ಮರಿಯನ್ನೂ ನೋಡಿ, ನೋಡಬೇಡಿ ಅಂತಲ್ಲ. ಕಣ್ಣಲ್ಲಿ ಪಿಸಿರು ಇರಬಾರದು, ಕಿವಿ ವಾಸನೆ ಬರಬಾರದು, ವಸಡು ಗುಲಾಬಿ ಇರಬೇಕು. ಮೈ ಬಡಕಲು, ಹೊಟ್ಟೆ ಮಾತ್ರ ಗುಡಾಣ ಅಂದರೆ ಜಂತುಹುಳು ಇರಬಹುದು. ಬಾಲ ಎತ್ತಿ ನೋಡಿ, ಅಲ್ಲಿ ಭೇದಿಯ ಗುರುತು ಇದೆಯಾ ಅಂತ. ಬೆನ್ನ ಹಿಂದೆ ನಿಂತು ಚಪ್ಪಾಳೆ ತಟ್ಟಿ. ಕಿವಿ ಕೇಳದ ಮರಿ ಗುಂಪಿನಲ್ಲಿದ್ದಾಗ ಗೊತ್ತೇ ಆಗುವುದಿಲ್ಲ, ಉಳಿದವು ಓಡಿದ ಕಡೆ ತಾನೂ ಓಡುತ್ತೆ. ಸ್ವಭಾವದ ಬಗ್ಗೆ ಮಾತ್ರ ಎಂಟು ವಾರ ನೋಡಿಕೊಂಡವರನ್ನೇ ಕೇಳಿ. ನನಗೆ ಮಲ್ಲಿಯನ್ನು ಆರಿಸಿಕೊಟ್ಟದ್ದು ಆ ಮನೆಯ ಅಜ್ಜಿ. ನಾನು ಕೈ ಹಾಕಿದ್ದು ಓಡಿಬಂದು ಪ್ಯಾಂಟು ಎಳೆದ ಗಂಡುಮರಿಗೆ. "ಅವನು ನಿಮ್ಮ ಕೈಲಾಗಲ್ಲಪ್ಪ, ಇವಳನ್ನು ಕರ್ಕೊಂಡು ಹೋಗಿ" ಅಂದರು. ಅದಕ್ಕೂ ಮುಂಚೆ ಅವರು ನನ್ನನ್ನು ಅರ್ಧ ಗಂಟೆ ವಿಚಾರಿಸಿದ್ದರು. ಮನೆಯಲ್ಲಿ ಯಾರ್ಯಾರಿದ್ದಾರೆ, ಎಷ್ಟು ಹೊತ್ತು ಒಂಟಿಯಾಗಿ ಬಿಡ್ತೀರಿ, ಊರಿಗೆ ಹೋದಾಗ ಏನು ಮಾಡ್ತೀರಿ. ಹೆಣ್ಣು ಕೇಳಲು ಬಂದವರನ್ನು ಕೂಡ ಅಷ್ಟು ಕೇಳುವುದಿಲ್ಲ! ಸಾಕಲಾಗದಿದ್ದರೆ ಎಲ್ಲೂ ಬಿಡಬೇಡಿ, ನನಗೇ ವಾಪಸ್ ತಂದುಕೊಡಿ ಅಂತ ಬರೆಸಿಕೊಂಡರು. ಪ್ರಶ್ನೆ ಕೇಳದೆ ಮರಿ ಕೊಡುವವರ ಹತ್ತಿರ ಕೊಳ್ಳಬೇಡಿ.

ಮನೆಗೆ ತಂದ ಮೇಲೆ ಅಲ್ಲಿ ಏನು ತಿನ್ನುತ್ತಿತ್ತೋ ಅದನ್ನೇ ಒಂದು ವಾರ ಕೊಡಿ, ನಿಧಾನಕ್ಕೆ ಬದಲಾಯಿಸಿ. ದಿನಕ್ಕೆ ಮೂರು ನಾಲ್ಕು ಸಲ, ಸ್ವಲ್ಪ ಸ್ವಲ್ಪ. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ ವಿಷ. ಜ್ವರ ಅಂತ ನಮ್ಮ ಮಾತ್ರೆ ಪುಡಿ ಮಾಡಿ ಹಾಕುವುದಂತೂ ಬೇಡವೇ ಬೇಡ. ದೊಡ್ಡ ತಳಿಯ ಮರಿಗೆ ಮೂಳೆ ಗಟ್ಟಿಯಾಗಲಿ ಅಂತ ಕ್ಯಾಲ್ಸಿಯಂ ಪುಡಿ ಸುರಿಯುವವರು ಬಹಳ. ಆ ವಯಸ್ಸಿನಲ್ಲಿ ಬೇಕಾದಷ್ಟು ಹೀರಿ ಉಳಿದದ್ದನ್ನು ಬಿಡುವ ಶಕ್ತಿ ಅದರ ಕರುಳಿಗೆ ಇರುವುದಿಲ್ಲ. ಹೆಚ್ಚಾದ ಕ್ಯಾಲ್ಸಿಯಂನಿಂದಲೇ ಮೂಳೆ ಸೊಟ್ಟಗಾಗುತ್ತೆ.

ಲಸಿಕೆ ಒಂದು ಹಾಕಿಸಿದರೆ ಮುಗಿಯಿತು ಅಂದುಕೊಳ್ಳಬೇಡಿ. ತಾಯಿಯ ಮೊದಲ ಹಾಲಿನಿಂದ ಬಂದ ರಕ್ಷಣೆ ಇರುವಷ್ಟು ದಿನ ಲಸಿಕೆಯನ್ನೇ ಅದು ಕೆಲಸ ಮಾಡಲು ಬಿಡುವುದಿಲ್ಲ. ಆ ರಕ್ಷಣೆ ಒಂದೊಂದು ಮರಿಯಲ್ಲಿ ಒಂದೊಂದು ಹೊತ್ತಿಗೆ ಇಳಿಯುತ್ತೆ. ಅದಕ್ಕೇ 6ರಿಂದ 8 ವಾರಕ್ಕೆ ಶುರುಮಾಡಿ, ಎರಡರಿಂದ ನಾಲ್ಕು ವಾರಕ್ಕೊಮ್ಮೆ, 16 ವಾರ ತುಂಬುವವರೆಗೆ ಹಾಕುವುದು. ರೇಬೀಸ್ ಬೇರೆ, ಅದನ್ನು ಸಾಮಾನ್ಯವಾಗಿ 12 ವಾರ ಆದ ಮೇಲೆ. ಜಂತುಹುಳು ಗರ್ಭದಲ್ಲೂ ಹಾಲಿನಲ್ಲೂ ತಾಯಿಯಿಂದಲೇ ಬರುತ್ತೆ, ನಮ್ಮ ಮಕ್ಕಳಿಗೂ ಅಂಟುತ್ತೆ. ಔಷಧಿ ತಪ್ಪಿಸಬೇಡಿ, ಕೈ ತೊಳೆಸಿ.

ಇಲ್ಲೊಂದು ಪೇಚು ಇದೆ ನೋಡಿ. ಲಸಿಕೆ ಮುಗಿಯುವುದು 16 ವಾರಕ್ಕೆ, ಮನಸ್ಸಿನ ಬಾಗಿಲು ಮುಚ್ಚುವುದು ಅದಕ್ಕಿಂತ ಮೊದಲು. ನಾನು ಮಲ್ಲಿಯನ್ನು ನೆಲಕ್ಕೆ ಬಿಡದೆ ಎತ್ತಿಕೊಂಡೇ ತಿರುಗಿದೆ. ಬಸ್ಸಿನ ಹಾರ್ನ್, ಕೊಡೆ ಬಿಚ್ಚುವುದು, ಗಡ್ಡದವರು, ಹೆಲ್ಮೆಟ್ ಹಾಕಿದವರು, ಅಳುವ ಕೂಸು. ಎಲ್ಲವನ್ನೂ ನನ್ನ ಹೆಗಲ ಮೇಲಿಂದಲೇ ನೋಡಿದಳು. ಎದುರು ಸಿಕ್ಕವರು ನಕ್ಕರು, ನಗಲಿ ಬಿಡಿ.

ಉಚ್ಚೆಯ ವಿಷಯದಲ್ಲಿ ತಾಳ್ಮೆ ಒಂದೇ ದಾರಿ. ಎರಡು ತಿಂಗಳ ಮರಿ ಎರಡು ಗಂಟೆ ತಡೆದರೆ ಅದೇ ದೊಡ್ಡದು. ಎದ್ದ ತಕ್ಷಣ, ಉಂಡ ಮೇಲೆ, ಆಡಿದ ಮೇಲೆ ಹೊರಗೆ ಎತ್ತಿಕೊಂಡು ಹೋಗಿ. ಅಲ್ಲೇ ಮಾಡಿದರೆ ಅಲ್ಲೇ ಮುದ್ದು ಮಾಡಿ, ತಿನ್ನೋಕೆ ಏನಾದರೂ ಕೊಡಿ. ಒಳಗೆ ಮಾಡಿದರೆ ಸುಮ್ನೆ ಒರೆಸಿ. ಮೂತಿ ಹಿಡಿದು ಅದರಲ್ಲಿ ಉಜ್ಜಿದರೆ ಅದು ಕಲಿಯುವುದು ಒಂದೇ, ನಿಮ್ಮ ಕಣ್ಣು ತಪ್ಪಿಸಿ ಸೋಫಾ ಹಿಂದೆ ಮಾಡುವುದು.

ಮೊದಲ ರಾತ್ರಿ ಅದು ಅಳುತ್ತೆ. ಹುಟ್ಟಿದಾಗಿನಿಂದ ಒಂದರ ಮೇಲೊಂದು ಬಿದ್ದುಕೊಂಡು ಮಲಗಿದ ಜೀವ, ಒಂಟಿಯಾಗಿ ಮಲಗು ಅಂದರೆ? "ಅಳಲಿ ಬಿಡಿ, ಅಭ್ಯಾಸ ಆಗುತ್ತೆ" ಅನ್ನುವ ಸಲಹೆ ನನಗೂ ಸಿಕ್ಕಿತ್ತು, ಕೇಳಲಿಲ್ಲ. ಅಜ್ಜಿ ಮನೆಯಿಂದ ತಾಯಿ ಮಲಗುತ್ತಿದ್ದ ಹಳೇ ಬಟ್ಟೆಯ ತುಂಡು ಕೇಳಿ ತಂದಿದ್ದೆ. ಅದನ್ನು ಪೆಟ್ಟಿಗೆಗೆ ಹಾಸಿ, ಪೆಟ್ಟಿಗೆಯನ್ನು ಮಂಚದ ಪಕ್ಕದಲ್ಲೇ ಇಟ್ಟುಕೊಂಡೆ. ರಾತ್ರಿ ಎರಡು ಗಂಟೆಗೆ ಕುಂಯ್‌ಗುಟ್ಟಿದಾಗ ಕೈ ಇಳಿಬಿಟ್ಟೆ. ನನ್ನ ಕಿರುಬೆರಳನ್ನು ಬಾಯಲ್ಲಿಟ್ಟುಕೊಂಡು ಹಾಗೇ ನಿದ್ದೆ ಹೋದಳು. ಬೆಳಗಾಗುವಷ್ಟರಲ್ಲಿ ಭುಜ ಜೋಮು ಹಿಡಿದಿತ್ತು. ನಾಲ್ಕು ರಾತ್ರಿ ಹೀಗೇ ನಡೆಯಿತು, ಐದನೇ ರಾತ್ರಿ ಅವಳಿಗೆ ನನ್ನ ಕೈ ಬೇಕಾಗಲಿಲ್ಲ.

ಇಷ್ಟನ್ನೂ ಗೆಳೆಯನಿಗೆ ಕಳಿಸಿದೆ. ಓದಿದ. ತುಂಬಾ ಹೊತ್ತು "ಟೈಪಿಂಗ್" ಅಂತ ಬರುತ್ತಿತ್ತು. ಕೊನೆಗೆ ಬಂದದ್ದು ಇಷ್ಟೇ: "ತಾಯಿ ತೋರಿಸಿ ಅಂತ ಕೇಳಿದೆ. ನಾಳೆ ಬನ್ನಿ, ನೋಡೋಣ ಅಂದ."

"ನೋಡೋಣ" ಅಂದನಾ? ನಾನು ಬರೆದೆ: ನಾನೂ ಬರ್ತೀನಿ. ಮಗಳನ್ನು ಕರ್ಕೊಂಡು ಬರಬೇಡ. ದುಡ್ಡೂ ಮನೇಲೇ ಇಟ್ಟು ಬಾ.