ಹೊಲಕ್ಕೆ ಚೀಟಿ ಬೇಡ

ಮೊನ್ನೆ ಕೆಮ್ಮಿಗೆ ಅಂತ ಕೋಲಾರದ ಒಂದು ಮೆಡಿಕಲ್ ಶಾಪಿಗೆ ಹೋಗಿ ಆಂಟಿಬಯೋಟಿಕ್ ಕೇಳಿದೆ. ಹೋದ ವರ್ಷದ ಖಾಲಿ ಶೀಟು ಜೇಬಲ್ಲೇ ಇತ್ತು. ಅಂಗಡಿ ಹುಡುಗ ಅದರ ಹಿಂದಿನ ಕೆಂಪು ಗೆರೆ ತೋರಿಸಿ, "ಡಾಕ್ಟ್ರ ಚೀಟಿ ತಗೊಂಡು ಬನ್ನಿ ಅಣ್ಣಾ" ಎಂದ. ಹುಡುಗ ಹೇಳಿದ್ದು ಸರಿಯೇ. ಸುಮ್ನೆ ನುಂಗಿದರೆ ರೋಗಾಣುಗಳು ಔಷಧಿಗೆ ಪಳಗುತ್ತವೆ, ನಾಳೆ ಬೇಕಾದಾಗ ಅದು ನಾಟುವುದಿಲ್ಲ. ಬರಿಗೈಲಿ ಮನೆಗೆ ಬಂದೆ. ನನ್ನ ಟೊಮೆಟೊ ಹೊಲದಲ್ಲಿ ಟ್ರಾಕ್ಟರ್ ನಿಂತಿತ್ತು. ಚೀಟಿ ಇಲ್ಲದೆ ಲೋಡುಗಟ್ಟಲೆ ಇಳಿಯುತ್ತಿತ್ತು.

ಕೋಳಿ ಗೊಬ್ಬರ. ಫಾರಂ ಕೋಳಿಗೆ ರೋಗ ಬರಲಿ ಬಿಡಲಿ, ನೀರಿಗೋ ಫೀಡಿಗೋ ಇದೇ ಆಂಟಿಬಯೋಟಿಕ್ ಬೆರೆಸುವ ರೂಢಿ ಉಂಟು. ನುಂಗಿದ್ದರಲ್ಲಿ ಎಷ್ಟೋ ಪಾಲು ಹಿಕ್ಕೆಯಲ್ಲಿ ಹಾಗೇ ಹೊರಗೆ ಬರುತ್ತದೆ. ಕೊಲಿಸ್ಟಿನ್ ಅಂತ ಒಂದಿದೆ. ಬೇರೆ ಯಾವುದೂ ನಾಟದ ರೋಗಿಗೆ ಕೊನೆಗೆ ಕೊಡುವಂಥದ್ದು. ಅದನ್ನು ಕೋಳಿಗೆ ಕೊಡಬಾರದು ಅಂತ ಸರ್ಕಾರಕ್ಕೆ ಹೊಳೆದದ್ದು 2019ರಲ್ಲಿ. ಅಲ್ಲಿಯವರೆಗೆ ಐಸಿಯು ರೋಗಿಗೂ ಬ್ರಾಯ್ಲರ್ ಕೋಳಿಗೂ ಒಂದೇ ಔಷಧಿ. ರೋಗಿಗೆ ಬಿಲ್ಲು ಜಾಸ್ತಿ, ಅಷ್ಟೇ.

ನೀರಿನ ಕಥೆ ಇನ್ನೂ ಚೆನ್ನಾಗಿದೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರು ಎರಡು ಹಂತ ಶುದ್ಧವಾಗಿ ನಮ್ಮ ಕೆರೆಗಳಿಗೆ ಬರುತ್ತಿದೆ. ಬತ್ತಿದ ಕೆರೆ ತುಂಬಿತು, ಬೋರ್‌ವೆಲ್‌ನಲ್ಲಿ ನೀರು ಮೇಲೆ ಬಂತು. ಸುಳ್ಳು ಹೇಳಬಾರದು. ಆದರೆ ಅಲ್ಲಿಯವರು ನುಂಗಿದ ಮಾತ್ರೆಯನ್ನು ಸೋಸಲಿಕ್ಕೆ ಅಂತ ಆ ಎರಡು ಹಂತ ಕಟ್ಟಿದ್ದಲ್ಲ. ಮೂರನೇ ಹಂತ ಮಾಡಿ ಅಂತ ಇಲ್ಲಿಯ ರೈತರು ಕೇಳುತ್ತಲೇ ಬಂದಿದ್ದಾರೆ. ಯಾಕೆ ಕೇಳಬೇಕೋ! ಮೂರನೇ ಹಂತ ನಮ್ಮ ಹೊಲವೇ ಅಲ್ವಾ? ಡಾಕ್ಟರ ಫೀಸು ಬೆಂಗಳೂರಿನವರೇ ಕೊಟ್ಟಿದ್ದಾರೆ, ನಮಗೆ ಉಳಿಕೆ ಪುಕ್ಕಟೆ.

ಹಾಗೆ ನೋಡಿದರೆ ಇದು ಮಣ್ಣಿನ ಹಳೇ ಸಾಲ. ಕ್ಷಯಕ್ಕೆ ಮದ್ದಾದ ಸ್ಟ್ರೆಪ್ಟೊಮೈಸಿನ್ 1943ರಲ್ಲಿ ಸಿಕ್ಕಿದ್ದೇ ಮಣ್ಣಿನ ಸೂಕ್ಷ್ಮಜೀವಿಯಿಂದ. ಈಗ ಬಡ್ಡಿ ಸಮೇತ ತೀರಿಸುತ್ತಿದ್ದೇವೆ.

ರಾತ್ರಿ ಕೆಮ್ಮುತ್ತಾ ಮಲಗಿದ್ದಾಗ ನೆನಪಾಯಿತು, ಮಣ್ಣಿಗೂ ಒಂದು ಚೀಟಿ ಇದೆಯಲ್ಲ! 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಚೀಟಿ. ಎದ್ದು ಟ್ರಂಕಿನಿಂದ ತೆಗೆದು ನೋಡಿದೆ. ಸಾರಜನಕ, ರಂಜಕ, ಪೊಟ್ಯಾಷ್, ಜಿಂಕ್, ಬೋರಾನ್ ಅಂತ ಹನ್ನೆರಡು ಬಾಬತ್ತು. ರೋಗಿ ಸದ್ಯ ಯಾವ ಔಷಧಿ ತಗೊಳ್ತಿದ್ದಾನೆ ಅನ್ನುವ ಕಾಲಂ ಮಾತ್ರ ಇಲ್ಲ. ನಮ್ಮೂರ ಕಾಂಪೌಂಡರ್ ಕೂಡ ಮೊದಲು ಕೇಳುವುದು ಅದನ್ನೇ.

ಆದರೂ ಚೀಟಿ ಚೀಟಿಯೇ. ಅದರ ಮೇಲೆ ಸರ್ಕಾರದ ಹೆಸರಿದೆ. ಬೆಳಗ್ಗೆ ಮಡಚಿಕೊಂಡು ಅದೇ ಅಂಗಡಿಗೆ ಹೋದೆ. ಹುಡುಗ ಮೇಲಿಂದ ಕೆಳಗೆ ನಿಧಾನವಾಗಿ ಓದಿದ.

"ಅಣ್ಣಾ, ನಿಮ್ಗೆ ಜಿಂಕ್ ಕಮ್ಮಿ ಐತೆ ಅಂತ ಬರ್ದವ್ರೆ. ಒಂದು ಶೀಟು ಕೊಡ್ಲಾ?"