ಕರಿ ಮನೆಯಿಂದ ಬಿಳಿ ಮನೆಗೆ

ರಾಜಕಾರಣಿಗಳು ಕೊಡುವ ಸ್ಮರಣಿಕೆಗಳ ಬಗ್ಗೆ ನನಗೆ ಮೊದಲಿನಿಂದಲೂ ಗುಮಾನಿ. ಅದು ಮೆಚ್ಚುಗೆಯೋ ಹಳೆಯ ಬಾಕಿಯ ಚುಕ್ತಾವೋ, ತಿಳಿಯುವುದೇ ಇಲ್ಲ. 1955ರಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಹಾಡು ಕಟ್ಟುವ ಇರ್ವಿಂಗ್ ಬರ್ಲಿನ್‌ನ ಕೈಗಿಟ್ಟ ಚಿನ್ನದ ಪದಕದಲ್ಲಿ ಎರಡೂ ಇದ್ದವೆಂದು ಕಾಣುತ್ತದೆ.

ಬರ್ಲಿನ್‌ನ ಅಪ್ಪ ಮೋಸೆಸ್ ರಷ್ಯಾದಲ್ಲಿ ಕ್ಯಾಂಟರ್ ಆಗಿದ್ದ. ಎಂದರೆ ಯಹೂದಿಗಳ ಸಿನಗಾಗ್‌ನಲ್ಲಿ ಪ್ರಾರ್ಥನೆಯನ್ನು ಹಾಡಿ ನಡೆಸಿಕೊಡುವವನು. ಮಂತ್ರ ಬಾಯಿಗೆ ಬಂದರೆ ಸಾಲದು, ಕಂಠವೂ ಬೇಕಾದ ಕೆಲಸ. 1893ರಲ್ಲಿ ಸಂಸಾರ ಕಟ್ಟಿಕೊಂಡು ನ್ಯೂಯಾರ್ಕಿಗೆ ಬಂದಿಳಿದಾಗ ಎಂಟು ಮಕ್ಕಳಲ್ಲಿ ಕೊನೆಯವನಾದ ಇವನಿಗೆ ಐದು ವರ್ಷ. ಹೊಸ ಊರಿನಲ್ಲಿ ಅಪ್ಪನ ಕಂಠಕ್ಕೆ ಖಾಯಂ ಗಿರಾಕಿಗಳು ಸಿಗಲಿಲ್ಲ. ಯಹೂದಿ ಆಚಾರಕ್ಕೊಪ್ಪುವ ಕೋಷರ್ ಮಾಂಸದ ವಹಿವಾಟಿನಲ್ಲಿ ದುಡಿಯುತ್ತ, ಹೀಬ್ರೂ ಪಾಠ ಹೇಳುತ್ತ, 1901ರಲ್ಲಿ ತೀರಿಕೊಂಡ. ಮಗ ಹದಿಹರೆಯದಲ್ಲೇ ಬೀದಿಗಿಳಿದು ಚಿಲ್ಲರೆ ಕಾಸಿಗೆ ಹಾಡತೊಡಗಿದ.

ಮುಂದೆ ನೂರಾರು ಹಾಡು ಕಟ್ಟಿದ ಈ ಮಹಾರಾಯನಿಗೆ ಸ್ವರಲಿಪಿ ಓದಲು ಬರುತ್ತಿರಲಿಲ್ಲ. ಪಿಯಾನೊದಲ್ಲಿ ಅವನ ಬೆರಳು ಓಡುತ್ತಿದ್ದುದು ಹೆಚ್ಚಾಗಿ ಕರಿ ಮನೆಗಳ ಮೇಲೆ. ನಮ್ಮ ಹಾರ್ಮೋನಿಯಂನವರು ಕರಿ ಮೂರು ಎನ್ನುತ್ತಾರಲ್ಲ, ಆ ಶ್ರುತಿ. ಬೇರೆ ಶ್ರುತಿ ಬೇಕಾದರೆ? ಅದಕ್ಕೊಂದು ವಿಶೇಷ ಪಿಯಾನೊ ಇಟ್ಟುಕೊಂಡಿದ್ದ. ಅದರ ಹಿಡಿಯನ್ನು ಸರಿಸಿದರೆ ಒಳಗಿನ ವ್ಯವಸ್ಥೆ ಜರುಗುತ್ತಿತ್ತು. ಬೆರಳು ಅದೇ ಕರಿ ಮನೆಯ ಮೇಲೆ, ಹೊರಡುವ ನಾದ ಮಾತ್ರ ಬೇರೆ. ಅಂಥದ್ದೊಂದು ಪಿಯಾನೊ ಈಗ ಅಮೆರಿಕದ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ. ನನ್ನನ್ನು ಕೇಳಿದರೆ, ಪದಕಕ್ಕಿಂತ ನೋಡಬೇಕಾದ ವಸ್ತು ಅದೇ.

ಪದಕ ತಂದುಕೊಟ್ಟ ಹಾಡು ‘ಗಾಡ್ ಬ್ಲೆಸ್ ಅಮೆರಿಕ’, ಎಂದರೆ ದೇವರು ಅಮೆರಿಕವನ್ನು ಹರಸಲಿ. ಆ ಮಾತು ತನ್ನ ತಾಯಿಯ ಬಾಯಲ್ಲಿ ಆಗಾಗ ಬರುತ್ತಿತ್ತೆಂದು ಬರ್ಲಿನ್ ಹೇಳಿಕೊಂಡಿದ್ದ. 1918ರಲ್ಲಿ ಸೈನಿಕರ ರಂಗಪ್ರದರ್ಶನಕ್ಕೆಂದು ಬರೆದು, ತಮಾಷೆಯ ನಡುವೆ ಇದು ತೀರಾ ಗಂಭೀರವಾಯಿತೆಂದು ಎತ್ತಿಟ್ಟ. ಇಪ್ಪತ್ತು ವರ್ಷ ಮೂಲೆಯಲ್ಲಿದ್ದ ಹಾಡು 1938ರಲ್ಲಿ ಕೇಟ್ ಸ್ಮಿತ್ ರೇಡಿಯೊದಲ್ಲಿ ಹಾಡಿದ ಮೇಲೆ ದೇಶದ ಪ್ರಾರ್ಥನೆಯೇ ಆಗಿಹೋಯಿತು. ಅಪ್ಪ ಸಿನಗಾಗ್‌ನಲ್ಲಿ ಮಾಡುತ್ತಿದ್ದ ಕೆಲಸವನ್ನು ಮಗ ಮನರಂಜನೆಯ ಪೇಟೆಯಲ್ಲಿ ಕುಳಿತು ಮಾಡಿದ್ದ. ಅದರ ಸಂಭಾವನೆಯನ್ನೂ ಸ್ಕೌಟ್ ಮಕ್ಕಳಿಗೆ ಬರೆದುಕೊಟ್ಟ.

ಐಸೆನ್‌ಹೋವರ್ ದೈವಭಕ್ತ. 1953ರಲ್ಲಿ ಅಧ್ಯಕ್ಷನಾದ ಎರಡೇ ವಾರದೊಳಗೆ ದೀಕ್ಷಾಸ್ನಾನ ಪಡೆದ. ಆಳವಾದ ಧರ್ಮಶ್ರದ್ಧೆಯಿಲ್ಲದೆ ನಮ್ಮ ಸರ್ಕಾರಕ್ಕೆ ಅರ್ಥವಿಲ್ಲ, ಅದು ಯಾವ ಧರ್ಮವಾದರೂ ನನಗೆ ಅಡ್ಡಿಯಿಲ್ಲ ಎಂಬರ್ಥದ ಅವನ ಮಾತಿಗೆ ಜನ ಇವತ್ತಿಗೂ ನಗುತ್ತಾರೆ. ನನಗೇನೋ ಅದು ಇಷ್ಟ. ಕ್ಯಾಂಟರ್‌ನ ಮಗ ದೇವರನ್ನು ಕೂಗಿದರೆ ಇಂಥವನಿಗೆ ಮೆಚ್ಚುಗೆಯಾಗದೆ ಇದ್ದೀತೆ!

ಇನ್ನು ಬಾಕಿಯ ವಿಷಯ. ಐಸೆನ್‌ಹೋವರ್‌ನನ್ನು ಜನ ಕರೆಯುತ್ತಿದ್ದುದು ಐಕ್ ಎಂದು; ಐಕ್ ಎಂದರೆ ನನಗಿಷ್ಟ ಎನ್ನುವ ಹಾಡನ್ನು ಕಟ್ಟಿದವನೂ ಇದೇ ಬರ್ಲಿನ್. 1952ರ ಚುನಾವಣೆಯಲ್ಲಿ ಅದು ಮನೆಮನೆಯ ಘೋಷಣೆಯಾಯಿತು. ಆದರೆ ಪದಕಕ್ಕಾಗಿ 1954ರಲ್ಲಿ ಮಾಡಿದ ಕಾನೂನು ಹೆಸರು ಹಿಡಿದು ಕರೆದದ್ದು ಪ್ರಾರ್ಥನೆಯ ಹಾಡನ್ನು ಮಾತ್ರ. ಮತ ತಂದ ಹಾಡು ಸೌಜನ್ಯದಿಂದ ಹೊರಗೇ ನಿಂತಿತು.

ಮೋಸೆಸ್ ಅಷ್ಟು ಕಾಲ ಬದುಕಿದ್ದರೆ ಪದಕವನ್ನು ಅಂಗೈಯಲ್ಲಿಟ್ಟು ತೂಗಿನೋಡಿ, ಹಾಡಿದ್ದು ಯಾವ ಶ್ರುತಿಯಲ್ಲಿ ಎಂದು ಕೇಳುತ್ತಿದ್ದನೇನೋ. ಮಗನ ಬಳಿ ಇದ್ದದ್ದು ಒಂದೇ ಉತ್ತರ: ಕರಿ ಮೂರು.