ಅಮ್ಮ ಹೇಳಿದ ಕೈಗುಣ

ಅಮ್ಮನ ಮಂಡಿ ಆಪರೇಷನ್ ಆಗಿ ಎರಡನೇ ರಾತ್ರಿ. ನರ್ಸ್ ಒಬ್ಬರು ಬಂದರು, ಡ್ರಿಪ್‌ಗೆ ಏನೋ ಸೇರಿಸಿದರು, ಮಾತಿಲ್ಲದೆ ಹೋದರು. ಅರ್ಧ ಗಂಟೆಯಾದರೂ ಅಮ್ಮ ನರಳುತ್ತಲೇ ಇದ್ದಳು. ಬೆಳಗಿನ ಪಾಳಿಗೆ ಬಂದ ಹುಡುಗಿ ಸಿರಿಂಜ್ ಎತ್ತಿ ತೋರಿಸಿ, "ಅಮ್ಮಾ, ನೋವಿಗೆ ಹಾಕ್ತಿದೀನಿ ನೋಡಿ. ಇನ್ನು ಹತ್ತು ನಿಮಿಷಕ್ಕೆ ಹಗುರ ಆಗುತ್ತೆ" ಅಂದಳು. ಐದೇ ನಿಮಿಷಕ್ಕೆ ಅಮ್ಮ ಹುಬ್ಬು ಗಂಟಿಕ್ಕೋದು ನಿಲ್ಲಿಸಿದಳು. ಕೇಸ್ ಶೀಟ್ ನೋಡಿದೆ. ಅದೇ ಔಷಧಿ, ಅದೇ ಡೋಸು.

"ಆ ಹುಡುಗಿ ಕೈಗುಣ ಚೆನ್ನಾಗಿದೆ ಕಣೋ" ಅಂದಳು ಅಮ್ಮ. ತಮ್ಮ ನಕ್ಕು, "ಎಲ್ಲಾ ನಿನ್ನ ಮನಸ್ಸಿಂದು ಬಿಡಮ್ಮ" ಅಂದ. ನನ್ನ ತಕರಾರು ಇರೋದು ಈ 'ಬಿಡಮ್ಮ' ಮೇಲೆ. (ರಾತ್ರಿ ಹೊತ್ತು ನೋವು ಜಾಸ್ತಿ, ಅದೂ ಕಾರಣ ಇರಬಹುದು. ಒಪ್ಪಿದೆ.)

ಇಟಲಿಯ ಟ್ಯುರಿನ್‌ನಲ್ಲಿ ಫ್ಯಾಬ್ರಿಜಿಯೊ ಬೆನೆಡೆಟ್ಟಿ ಅನ್ನೋ ವಿಜ್ಞಾನಿ ಹೆಚ್ಚುಕಮ್ಮಿ ಈ ಕೈಗುಣವನ್ನೇ ಅಳೆದಿದ್ದಾರೆ. ಆಪರೇಷನ್ ಆದ ಕೆಲವರಿಗೆ ಎದುರಿಗೆ ನಿಂತು ಹೇಳಿ ನೋವಿನ ಔಷಧಿ ಕೊಟ್ಟರು. ಇನ್ನು ಕೆಲವರಿಗೆ ಅದನ್ನೇ ಯಂತ್ರದ ಮೂಲಕ, ಗೊತ್ತೇ ಆಗದ ಹಾಗೆ ಹರಿಸಿದರು. ಗೊತ್ತಾಗದವರಿಗೆ ನೋವು ಇಳಿದಿದ್ದು ಕಮ್ಮಿ. ಆತಂಕ ತಗ್ಗಿಸೋ ಡಯಾಜೆಪಾಮ್ ಅಂತೂ ಗುಟ್ಟಾಗಿ ಕೊಟ್ಟಾಗ ಕೆಲಸವನ್ನೇ ಮಾಡಲಿಲ್ಲ.

ಸರಿ, ಭ್ರಮೆ ಅಂತಲೇ ಇಟ್ಟುಕೊಳ್ಳೋಣ. ಹಾಗಾದರೆ ಅದನ್ನು ಒಂದು ಔಷಧಿ ತಡೆಯೋದು ಹೇಗೆ? 1978ರಲ್ಲಿ ಅಮೆರಿಕದಲ್ಲಿ ಲೆವಿನ್, ಗಾರ್ಡನ್, ಫೀಲ್ಡ್ಸ್ ಇದನ್ನೇ ನೋಡಿದರು. ದವಡೆ ಹಲ್ಲು ಕೀಳಿಸಿಕೊಂಡವರಲ್ಲಿ ಕೆಲವರಿಗೆ ಪ್ಲಸೀಬೊದಿಂದ, ಅಂದರೆ ಔಷಧಿಯೇ ಇಲ್ಲದ ಇಂಜೆಕ್ಷನ್‌ನಿಂದಲೇ, ನೋವು ಇಳಿದಿತ್ತು. ಅವರಿಗೆ ನಲಾಕ್ಸೋನ್ ಕೊಟ್ಟರು. ಅಫೀಮಿನ ಅಮಲು ಇಳಿಸೋ ಮದ್ದು ಅದು. ನೋವು ವಾಪಸ್ ಬಂತು. ಅಂದರೆ ಮಿದುಳು ತನ್ನದೇ ಅಫೀಮು ಸುರಿಸುತ್ತಿತ್ತು. ಎಂಡಾರ್ಫಿನ್ ಅಂತೀವಲ್ಲ, ಆ ಜಾತಿಯದು.

'ಈಗ ಕಮ್ಮಿ ಆಗುತ್ತೆ' ಅನ್ನೋ ನಿರೀಕ್ಷೆ ಹಣೆಯ ಹಿಂದಿನ ಮಿದುಳಲ್ಲಿ ಹುಟ್ಟುತ್ತೆ. ಅಲ್ಲಿಂದ ಸುದ್ದಿ ಮಿದುಳಿನ ಕಾಂಡಕ್ಕೆ ಇಳಿದು ಬೆನ್ನುಹುರಿಗೆ ಹೋಗುತ್ತೆ. ಮಂಡಿಯಿಂದ ಮೇಲೆ ಬರೋ ನೋವಿಗೆ ಅಲ್ಲೇ ಬಾಗಿಲು ಅರ್ಧ ಮುಚ್ಚುತ್ತೆ. 2009ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಸ್ಕ್ಯಾನ್ ಮಾಡಿದಾಗ ಬೆನ್ನುಹುರಿಯಲ್ಲೇ ಚಟುವಟಿಕೆ ತಗ್ಗಿದ್ದು ಕಂಡಿದೆ.

ಹಾಗಂತ ಇದನ್ನೇ ಹಿಡಿದು ಸಕ್ಕರೆ ಗುಳಿಗೆ ಮಾರೋಕೆ ಹೊರಡಬೇಡಿ. 2011ರಲ್ಲಿ ಬಂದ ಆಸ್ತಮಾ ಅಧ್ಯಯನದಲ್ಲಿ ಖಾಲಿ ಇನ್ಹೇಲರ್ ಎಳೆದವರೂ ನಿಜವಾದದ್ದು ಎಳೆದವರಷ್ಟೇ 'ಹಗುರ ಆಯ್ತು' ಅಂದರು. ಊದಿಸಿ ಅಳೆದರೆ ನಿಜವಾದ ಔಷಧಿಗೆ ಉಸಿರು ಸುಮಾರು 20% ಸುಧಾರಿಸಿತ್ತು, ಖಾಲಿಯದಕ್ಕೆ 7%. ನೋವಿಗೆ ಸರಿ, ಉಬ್ಬಸಕ್ಕೆ ಈ ಆಟ ಆಡಿದರೆ ಜೀವಕ್ಕೇ ಕುತ್ತು.

ಬೆನೆಡೆಟ್ಟಿ ತಂಡದ ಇನ್ನೊಂದು ಅಧ್ಯಯನ ಓದಿದಾಗಿಂದ ಅಜ್ಜಿ ನೆನಪಾಗುತ್ತಾಳೆ. ಅಲ್ಜೈಮರ್ ರೋಗಿಗಳಲ್ಲಿ ಹಣೆಯ ಹಿಂದಿನ ಭಾಗಕ್ಕೂ ಉಳಿದ ಮಿದುಳಿಗೂ ನಂಟು ಸಡಿಲವಾದಷ್ಟೂ ಈ ನಿರೀಕ್ಷೆಯ ಪಾಲು ಕರಗುತ್ತಾ ಹೋಗುತ್ತಂತೆ. ಅಂಥವರಿಗೆ ಔಷಧಿಯೇ ಜಾಸ್ತಿ ಬೇಕಾಗಬಹುದು. ಊರಿನ ಡಾಕ್ಟರ ಸ್ಕೂಟರ್ ಸದ್ದು ಕೇಳಿದರೆ ಸಾಕು, ನಮ್ಮಜ್ಜಿಗೆ ಅರ್ಧ ಸೊಂಟನೋವು ಹೋಗಿಬಿಡುತ್ತಿತ್ತು. ಮರೆವು ಹತ್ತಿದ ಮೇಲೆ ಅದೇ ಡಾಕ್ಟರನ್ನು "ಯಾರಪ್ಪ ನೀನು?" ಅಂತ ಕೇಳೋಳು. ಕೊನೆಯ ವರ್ಷ ಎಷ್ಟು ಮಾತ್ರೆ ನುಂಗಿದರೂ ಸಾಲುತ್ತಿರಲಿಲ್ಲ. ವಯಸ್ಸಾಯ್ತಲ್ಲ ಅಂತ ನಾವು ಸುಮ್ಮನಿದ್ದೆವು.